ಗೋಡೆಯಿಂದ ಕಿತ್ತ ಗೋಳಿಗೆ ಬೇರು ಬರಿಸಲು: ನಾರಿನ ಹುಡಿಯೋ, ಮುರಕಲ್ಲೋ?

ಪಕ್ಕದ ಮನೆಯವರು ಹಳೆ ಹಟ್ಟಿ ಕೆಡವುತ್ತೇವೆ ಅಂದಾಗ ನಾನು ಕೇಳಿದ್ದು ಅದರ ಗೋಡೆಯಲ್ಲಿದ್ದ ಗೋಳಿ, ಅಂದರೆ ಆಲದ ಜಾತಿಯ ಗಿಡಗಳನ್ನು. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತಮುತ್ತ ಹಳೆ ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆ ಇದ್ದಲ್ಲೆಲ್ಲ ಗೋಳಿಯೋ ಅಶ್ವತ್ಥವೋ ಇದ್ದೇ ಇರುತ್ತದೆ. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕುತ್ತದೆ, ಬೀಜ ಕಲ್ಲಿನ ಸಂದಿಯಲ್ಲಿ ಮೊಳೆಯುತ್ತದೆ. ಅದನ್ನು ಕಡಿದು ಬಿಸಾಡಲು ಯಾರಿಗೂ ಮನಸ್ಸು ಬರುವುದಿಲ್ಲ. "ತೆಗೊಂಡು ಹೋಗಿ ಅಕ್ಕ, ನಮಗೂ ಸಮಾಧಾನ" ಅಂದರು.

ಆರು ಗಿಡ ಸಿಕ್ಕಿತು. ಬುಡ ಮೂರರಿಂದ ನಾಲ್ಕು ಬೆರಳು ದಪ್ಪ. ಒಂದೇ ಜಾತಿ, ಒಂದೇ ಗೋಡೆ, ಕಿತ್ತದ್ದೂ ಒಂದೇ ದಿನ. ಮರವನ್ನು ಕುಂಡದಲ್ಲಿ ಗಿಡ್ಡವಾಗಿ ಬೆಳೆಸುವ ಬೋನ್ಸಾಯ್ ಮಾಡುವವರಿಗೆ ಇಂಥ ಅವಕಾಶ ಮತ್ತೆ ಮತ್ತೆ ಬರುವುದಿಲ್ಲ ಅಲ್ವಾ? ಹೀಗೆ ಹೊರಗಿಂದ ಕಿತ್ತು ತಂದ ಮರಕ್ಕೆ ಜಪಾನಿನಲ್ಲಿ ಯಮಾದೋರಿ ಅನ್ನುತ್ತಾರೆ. ಅದನ್ನು ಕೀಳುವುದು ಅರ್ಧ ದಿನದ ಕೆಲಸ. ಅದಕ್ಕೆ ಹೊಸ ಬೇರು ಬರಿಸುವುದು ಒಂದು ವರ್ಷದ ಕೆಲಸ. ಆ ವರ್ಷ ಅದನ್ನು ಯಾವುದರಲ್ಲಿ ನೆಡಬೇಕು ಅನ್ನುವುದು ನನ್ನನ್ನು ಬಹಳ ದಿನದಿಂದ ಕಾಡುತ್ತಿದ್ದ ಪ್ರಶ್ನೆ. ಆದ್ದರಿಂದ ಎರಡೆರಡು ಗಿಡದಂತೆ ಮೂರು ಬಗೆಯಲ್ಲಿ ನೆಟ್ಟೆ.

ಮೊದಲನೆಯದು ತೆಂಗಿನ ನಾರಿನ ಹುಡಿ, ಅಂಗಡಿಯಲ್ಲಿ ಕೊಕೊಪೀಟ್ ಅಂತ ಇಟ್ಟಿಗೆ ರೂಪದಲ್ಲಿ ಸಿಗುತ್ತದಲ್ಲ, ಅದು. 1916ರಿಂದಲೇ ತೆಂಗಿನ ಸಂಶೋಧನೆ ನಡೆಯುತ್ತಿರುವ ಊರು ಕಾಸರಗೋಡು. ಇಲ್ಲಿ ನಾರಿಗೆ ಬರವಿಲ್ಲ. ಎರಡನೆಯದು ಹೊಯ್ಗೆ (ಮರಳು), ಸುಡುಮಣ್ಣು, ಹಟ್ಟಿಗೊಬ್ಬರ ಸಮಸಮ ಸೇರಿಸಿದ್ದು. ಹೂವಿನ ಗಿಡಕ್ಕೆ ನಾವೆಲ್ಲ ಹಾಕುವುದು ಅದನ್ನೇ. ಮೂರನೆಯದನ್ನು ಹೇಳಿಕೊಟ್ಟದ್ದು ಅತ್ತೆ. ನಾನು ಅಂಗಳದಲ್ಲಿ ಮಣ್ಣು ಬೆರೆಸುತ್ತಾ ಕೂತಿದ್ದೆ. ಅವರು ಜಗಲಿಯಿಂದ ನೋಡಿ, "ಅದು ಹುಟ್ಟಿದ್ದೇ ಮುರಕಲ್ಲಿನಲ್ಲಿ. ಅದನ್ನೇ ಹಾಕಿ ನೋಡು" ಅಂದರು. ಎಷ್ಟು ಸರಿಯಾದ ಮಾತು! ಕೆಡವಿದ ಗೋಡೆಯ ಕಲ್ಲನ್ನೇ ಸುತ್ತಿಗೆಯಲ್ಲಿ ಕುಟ್ಟಿದೆ. ಜರಡಿ ಹಿಡಿದು, ಕಡಲೆಕಾಳಿನಷ್ಟು ದೊಡ್ಡ ಚೂರು ಇಟ್ಟುಕೊಂಡು ಹುಡಿಯನ್ನೆಲ್ಲ ಬಿಟ್ಟೆ.

ನೆಟ್ಟದ್ದು 2024ರ ಪತ್ತನಾಜೆಯ ಮರುದಿನ. ಪತ್ತನಾಜೆ ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಆ ವರ್ಷ ಕೇರಳಕ್ಕೆ ಮುಂಗಾರು ಬಂದದ್ದು ಮೇ 30ಕ್ಕೆ, ಅಂದರೆ ಐದಾರು ದಿನ ಮುಂಚೆ ಗಿಡ ಕೂತಾಗಿತ್ತು. ಗೋಳಿಗೆ ಇದು ಒಳ್ಳೆ ಕಾಲ. ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಗಾಳಿಯಲ್ಲಿ ಪಸೆ ಬಂದಿರುತ್ತದೆ. ಉದ್ದ ಬೇರುಗಳನ್ನು ಗರಗಸದಲ್ಲಿ ನೇರವಾಗಿ ಕೊಯ್ದು, ಹಾಲು ಸುರಿಯುವುದು ನಿಂತ ಮೇಲೆ ತೊಳೆದೆ. ಎಲೆಗಳನ್ನೆಲ್ಲ ತೆಗೆದೆ. ಬೇರೇ ಇಲ್ಲದ ಮೇಲೆ ಎಲೆಗೆ ನೀರು ಕೊಡುವವರು ಯಾರು? ಆರನ್ನೂ ಹಣ್ಣಿನ ಪ್ಲಾಸ್ಟಿಕ್ ಕ್ರೇಟಿನಲ್ಲಿ ಕೂರಿಸಿ, ಕತ್ತದ ಬಳ್ಳಿಯಲ್ಲಿ ಕ್ರೇಟಿಗೆ ಬಿಗಿದು ಕಟ್ಟಿದೆ. ಈ ಕಟ್ಟುವ ಕೆಲಸ ಬಿಡಬೇಡಿ. ಹೊಸ ಬೇರು ಕೂದಲಿನ ಹಾಗೆ ಇರುತ್ತದೆ, ಗಾಳಿಗೆ ಬುಡ ಒಂದಿಷ್ಟು ಅಲ್ಲಾಡಿದರೂ ತುಂಡಾಗುತ್ತದೆ.

ಮೂರು ವಾರದಲ್ಲಿ ಆರೂ ಚಿಗುರಿದವು. ಎಲ್ಲಕ್ಕಿಂತ ಚೆನ್ನಾಗಿ, ಬೇಗ, ದೊಡ್ಡ ಎಲೆ ಬಿಟ್ಟದ್ದು ನಾರಿನ ಹುಡಿಯಲ್ಲಿದ್ದ ಗಿಡ. ಅಂಗೈಯಷ್ಟು ಅಗಲದ ಹೊಳೆಯುವ ಎಲೆ. ಮುರಕಲ್ಲಿನಲ್ಲಿದ್ದವು ಬರೇ ಕೆಂಪು ಮೊಗ್ಗು ತೋರಿಸಿ ಸುಮ್ನೆ ನಿಂತಿದ್ದವು. ಆ ದಿನ ಯಾರಾದರೂ ಕೇಳಿದ್ದರೆ ಕಣ್ಣು ಮುಚ್ಚಿ ನಾರಿನ ಹುಡಿ ಅನ್ನುತ್ತಿದ್ದೆ.

ಜುಲೈಯಲ್ಲಿ ನಿಲ್ಲದ ಮಳೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದು ಜೂನ್, ಜುಲೈ, ಆಗಸ್ಟ್ ತಿಂಗಳಲ್ಲೇ. ಒಂದು ಬೆಳಗ್ಗೆ ಆ ದೊಡ್ಡ ಎಲೆಗಳು ಜೋತು ಬಿದ್ದಿದ್ದವು. ಮಳೆಯಲ್ಲಿ ನೆನೆಯುತ್ತಿರುವ ಗಿಡ ನೀರಿಲ್ಲದ ಗಿಡದಂತೆ ಬಾಡಿತ್ತು. ಎರಡು ದಿನ ಕಾದು, ಬಳ್ಳಿ ಬಿಚ್ಚಿ ಮೆಲ್ಲಗೆ ಎತ್ತಿದೆ. ಹಿಡಿ ಹುಡಿಯನ್ನು ಹಿಂಡಿದರೆ ಬೆರಳ ಸಂದಿಯಿಂದ ನೀರು ಧಾರೆಯಾಗಿ ಇಳಿಯಿತು. ಬುಡದ ಸಿಪ್ಪೆ ಬೆರಳು ಮುಟ್ಟಿದಲ್ಲಿ ಒದ್ದೆ ಕಾಗದದ ಹಾಗೆ ಜಾರಿ ಬಂತು, ಒಳಗೆ ಕಪ್ಪು. ವಾಸನೆಯಂತೂ ತೆಂಗಿನ ಸಿಪ್ಪೆ ಕೊಳೆಹಾಕಿದ ಹೊಂಡದ್ದೇ. ಒಂದು ಬಿಳಿ ಬೇರೂ ಇರಲಿಲ್ಲ. ಆ ಎಲೆಗಳೆಲ್ಲ ಕಾಂಡದಲ್ಲಿ ಕೂಡಿಟ್ಟಿದ್ದ ಆಹಾರದಿಂದ ಬಂದವು. ಗಿಡ ತನ್ನ ಉಳಿತಾಯವನ್ನೆಲ್ಲ ಎಲೆಗೆ ಹಾಕಿತ್ತು, ಕೆಳಗೆ ಬೇರು ಬಿಡಲು ಅದಕ್ಕೆ ಗಾಳಿಯೇ ಸಿಕ್ಕಿರಲಿಲ್ಲ. ನನಗೆ ನಿಜಕ್ಕೂ ಬಹಳ ಬೇಸರವಾಯಿತು. ಗೋಡೆಯಲ್ಲೇ ಬಿಟ್ಟಿದ್ದರೂ ಇನ್ನೊಂದು ತಿಂಗಳು ಬದುಕುತ್ತಿತ್ತೇನೋ.

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು ಅಂತ ಓದಿದ್ದೆ. ಓದಿದ್ದು ಕೈಗೆ ತಗಲಿದ್ದು ಅವತ್ತು. ಬೇರು ಉಸಿರಾಡುತ್ತದೆ. ಸಂದುಗಳಲ್ಲಿ ನೀರೇ ತುಂಬಿಕೊಂಡರೆ ಆಮ್ಲಜನಕ ಒಳಗೆ ಹೋಗುವುದಿಲ್ಲ, ಕೊಯ್ದ ಗಾಯ ಮಾಗುವ ಬದಲು ಕೊಳೆಯುತ್ತದೆ. ನಾರಿನ ಹುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುತ್ತದೆ. ಬಿಸಿಲೂರಿನವರಿಗೆ ಅದು ವರ. ಜುಲೈ-ಆಗಸ್ಟಿನ ಜಡಿಮಳೆಯ ನಮ್ಮ ಆಟಿ ತಿಂಗಳಿಗೆ ಅದು ಹೊಂದುವುದಿಲ್ಲ.

ಉಳಿದ ಇನ್ನೊಂದು ನಾರಿನ ಹುಡಿಯ ಗಿಡವನ್ನು ಅವತ್ತೇ ಮಾಡಿನ ಕೆಳಗೆ, ಮಳೆ ಬೀಳದಲ್ಲಿ ಇಟ್ಟೆ. ಅದು ಬದುಕಿತು. ಬದುಕಿದ್ದು ಮಾತ್ರವಲ್ಲ, ಡಿಸೆಂಬರಿಗೆ ಒಳ್ಳೆ ಬೇರು ಹಿಡಿದಿತ್ತು. ಹಾಗಾಗಿ ತಪ್ಪು ಹುಡಿಯದ್ದಲ್ಲ, ಅದನ್ನು ನಾನು ಮಳೆಗೆ ಒಡ್ಡಿದ್ದು ತಪ್ಪು. ನಿಮ್ಮಲ್ಲಿ ಶೀಟಿನ ಮಾಡು ಇದ್ದು, ನೀರು ನೀವೇ ಅಳೆದು ಕೊಡುವುದಾದರೆ ಹುಡಿ ಧೈರ್ಯವಾಗಿ ಬಳಸಿ. ಆದರೆ ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ. ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯ ಹುಡಿಯಾದರೆ ಅದರಲ್ಲಿ ಉಪ್ಪು ಉಳಿದಿರುತ್ತದೆ.

ಹೊಯ್ಗೆ–ಸುಡುಮಣ್ಣಿನ ಬಗ್ಗೆ ಹೇಳುವುದು ಕಡಿಮೆ. ಎರಡೂ ಬದುಕಿದವು, ಎರಡೂ ಮಂಕು. ಮೊದಲ ತಿಂಗಳು ಚೆನ್ನಾಗಿ ನೀರು ಬಸಿಯಿತು, ಆಮೇಲೆ ಗೊಬ್ಬರ ಮತ್ತು ಸಣ್ಣ ಹುಡಿ ಕೆಳಗಿಳಿದು ಕ್ರೇಟಿನ ಅಡಿ ಗಟ್ಟಿಯಾಯಿತು. ಬೇರು ಮೇಲಿನ ಮೂರು ಬೆರಳಲ್ಲೇ ಸುತ್ತಿಕೊಂಡಿತ್ತು. ಹೊಸದಾಗಿ ಕಿತ್ತ ಗಿಡಕ್ಕೆ ಗೊಬ್ಬರ ಹಾಕಿದ್ದೇ ಸರಿಯಲ್ಲ ಅಂತ ಈಗ ಅನಿಸುತ್ತದೆ. ತಿನ್ನಲು ಬಾಯಿಯೇ ಇಲ್ಲದ ಹೊತ್ತಿಗೆ ಊಟ ಬಡಿಸಿದ ಹಾಗೆ. ಹೊಸ ಎಲೆ ಬಲಿತು ಕಡು ಹಸಿರಾಗುವವರೆಗೆ ಗೊಬ್ಬರದ ಮಾತು ಬೇಡ.

ಮುರಕಲ್ಲಿನ ಗಿಡಗಳು ಇಡೀ ಮಳೆಗಾಲ ಅಂಗಳದಲ್ಲೇ ಇದ್ದವು. ಎಷ್ಟು ಸುರಿದರೂ ನೀರು ಮೇಲಿಂದ ಹಾಕಿದ ಕೂಡಲೇ ಕೆಳಗಿಂದ ಹೋಗುತ್ತಿತ್ತು. ಆದರೆ ಒಂದು ಚೂರು ಎತ್ತಿ ಮುರಿದರೆ ಒಳಗೆ ತಂಪು. ಈ ಕಲ್ಲಿನ ಮೈಯೆಲ್ಲ ತೂತು ಅಲ್ವಾ, ಅದರೊಳಗೆ ಪಸೆ ನಿಲ್ಲುತ್ತದೆ, ಚೂರುಗಳ ನಡುವೆ ಗಾಳಿ ಆಡುತ್ತದೆ. ಸೆಪ್ಟೆಂಬರಿನ ಕೊನೆಗೆ ಕ್ರೇಟಿನ ಬದಿಯ ತೂತಿನಿಂದ ಒಂದು ಬೇರು ಹೊರಗೆ ಇಣುಕಿತು. ಬಿಳಿ, ತುದಿ ಸ್ವಲ್ಪ ಹಳದಿ, ಸೂಜಿಯಷ್ಟು ದಪ್ಪ. ಅತ್ತೆಯನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ, ಕೆಂಪು ಹುಡಿ ಮೆತ್ತಿಕೊಂಡಿದ್ದ ಆ ತುದಿಯ ಮೇಲೆ ಒಂದು ಹನಿ ನೀರು ಬಿಟ್ಟರು. ನವೆಂಬರಿಗೆ ನಾಲ್ಕೂ ಬದಿಯಿಂದ ಬೇರು ಬಂದಿತ್ತು, ಎಲ್ಲ ಸಪೂರ, ಕವಲು ಕವಲಾಗಿ. ಬೋನ್ಸಾಯ್‌ಗೆ ಬೇಕಾದದ್ದು ಇಂಥ ಬೇರೇ.

ಹಾಗಂತ ಮುರಕಲ್ಲಿಗೆ ಕೊರತೆ ಇಲ್ಲದೆ ಇಲ್ಲ. ಫೆಬ್ರವರಿ ದಾಟಿದ ಮೇಲೆ ದಿನಕ್ಕೆ ಎರಡು ಸಲ ನೀರು ಬೇಕಾಯಿತು. ಒಂದು ದಿನ ಮದುವೆಗೆ ಕುಂಬಳೆಗೆ ಹೋಗಿ ಕತ್ತಲಾದ ಮೇಲೆ ಬಂದೆವು, ಅಷ್ಟರಲ್ಲಿ ಚಿಗುರಿನ ತುದಿ ಒಣಗಿತ್ತು. ಕಲ್ಲಿನಲ್ಲಿ ಸತ್ವವೂ ಕಡಿಮೆ. ಅದರಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ, ಗಿಡಕ್ಕೆ ಸುಲಭಕ್ಕೆ ಬಿಡುವುದಿಲ್ಲ. ಬೇರು ಬಂದ ಮೇಲೆ ತೆಳು ಗೊಬ್ಬರದ ನೀರನ್ನು ಹದಿನೈದು ದಿನಕ್ಕೊಮ್ಮೆ ಕೊಡಲೇಬೇಕು. ಇನ್ನೊಂದು, ಎಲ್ಲ ಮುರಕಲ್ಲೂ ಒಂದೇ ಅಲ್ಲ. ಮೆದು ಕಲ್ಲು ಒಂದೇ ಮಳೆಗಾಲಕ್ಕೆ ಕರಗಿ ಕೆಸರಾಗುತ್ತದೆ. ಚೂರುಗಳನ್ನು ರಾತ್ರಿ ಬಕೆಟಿನಲ್ಲಿ ನೆನೆಸಿ, ಬೆಳಗ್ಗೆ ಬೆರಳಲ್ಲಿ ಒತ್ತಿ ನೋಡಿ. ಹುಡಿಯಾದರೆ ಬೇಡ. ಹಳೆ ಗೋಡೆಯ ಕಲ್ಲು ವರ್ಷಗಟ್ಟಲೆ ಗಾಳಿಗೆ ಗಟ್ಟಿಯಾಗಿರುತ್ತದೆ, ಅದು ಒಳ್ಳೆಯದು. ಆದರೆ ಸಿಮೆಂಟ್, ಸುಣ್ಣ ಮೆತ್ತಿದ ತುಂಡುಗಳನ್ನು ಆರಿಸಿ ತೆಗೆಯಿರಿ.

ಬೇರು ಬರಿಸುವ ಹಾರ್ಮೋನ್ ಹುಡಿಯನ್ನೂ ನೋಡಿದೆ. ಪ್ರತಿ ಜೋಡಿಯಲ್ಲಿ ಒಂದಕ್ಕೆ ಹಚ್ಚಿದೆ, ಒಂದಕ್ಕೆ ಇಲ್ಲ. ಗೋಳಿಯಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಸತ್ತದ್ದು ಹಚ್ಚಿದ ಗಿಡವೇ. ಅದಕ್ಕಿಂತ ಉಪಕಾರ ಆದದ್ದು ಚಿಗುರನ್ನು ಮುಟ್ಟದೆ ಬಿಟ್ಟದ್ದು. ಬೇರಿಗೆ ಪ್ರೇರಣೆ ಕೊಡುವ ಆಕ್ಸಿನ್ ಬೆಳೆಯುವ ಕುಡಿಯಲ್ಲೇ ಹುಟ್ಟಿ ಕೆಳಗೆ ಇಳಿಯುತ್ತದೆ. ಮೊದಲ ವರ್ಷ ಆಕಾರ ಕೊಡಲು ಕೈ ತುರಿಸುತ್ತದೆ, ಆದರೂ ಕತ್ತರಿ ಒಳಗಿಡಿ.

ಗುಡ್ಡೆಯಲ್ಲಿ ಕೆಂಪು ಹೂ ಬಿಡುವ ಕೇಪಳದ ಕತೆ ಬೇರೆ. ಅದೇ ವರ್ಷ ನಮ್ಮದೇ ಗುಡ್ಡೆಯಿಂದ ನಾಲ್ಕು ಕೇಪಳ ತಂದಿದ್ದೆ. ಎರಡನ್ನು ಗೋಳಿಯ ಹಾಗೆ ಬೇರು ತೊಳೆದು ಮುರಕಲ್ಲಿನಲ್ಲಿ ನೆಟ್ಟೆ, ಎರಡೂ ಹೋದವು. ಬುಡದ ಮಣ್ಣಿನ ಉಂಡೆ ಒಡೆಯದಂತೆ ಅಡಿಕೆ ಹಾಳೆಯಲ್ಲಿ ಸುತ್ತಿ ತಂದ ಎರಡರಲ್ಲಿ ಒಂದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿದೆ, ಇನ್ನೊಂದನ್ನು ತೆಂಗಿನ ಮಡಲಿನ ನೆರಳಲ್ಲಿ ತೆರೆದಿಟ್ಟೆ. ಮಳೆಗಾಲದಲ್ಲಿ ಚೀಲದೊಳಗೆ ಬೂಷ್ಟು ಹಿಡಿಯಿತು, ಎಲೆ ಕಪ್ಪಾಗಿ ಉದುರಿತು. ತೆರೆದಿಟ್ಟದ್ದು ಹೂ ಬಿಟ್ಟಿದೆ. ಹೊರಗಿನ ಗಾಳಿಯೇ ಒದ್ದೆ ಇರುವಾಗ ಚೀಲದಿಂದ ಏನು ಪ್ರಯೋಜನ? ಅದೇ ಚೀಲ ಮರುವರ್ಷ ಏಪ್ರಿಲಿನಲ್ಲಿ, ರಸ್ತೆ ಅಗಲ ಮಾಡುವವರು ಕಿತ್ತು ಹಾಕಿದ ಒಂದು ಹುಣಸೆಯನ್ನು ಉಳಿಸಿಕೊಟ್ಟಿತು.

2025ರಲ್ಲಿ ಮಳೆ ಮೇ 24ಕ್ಕೇ ಬಂತು, ಪತ್ತನಾಜೆಗೆ ಕಾಯಲು ಸಮಯವೇ ಇರಲಿಲ್ಲ. ಈ ಸಲ ಬಾವಿಕಟ್ಟೆಯಿಂದ ಕಿತ್ತ ಎರಡು ಅಶ್ವತ್ಥಗಳನ್ನು ಮೂರು ಪಾಲು ಮುರಕಲ್ಲಿನ ಚೂರು, ಒಂದು ಪಾಲು ತೊಳೆದ ತೆಂಗಿನ ಸಿಪ್ಪೆಯ ತುಂಡು ಸೇರಿಸಿ ನೆಟ್ಟೆ. ಹುಡಿಯಲ್ಲ, ಬೆರಳ ತುದಿಯಷ್ಟು ದೊಡ್ಡ ತುಂಡು. ಮಳೆಗೆ ನೀರು ನಿಲ್ಲಲಿಲ್ಲ. ಬೇಸಗೆಗೆ ದಿನಕ್ಕೊಂದು ಸಲದ ನೀರು ಸಾಕಾಗುತ್ತದಾ ಅಂತ ಅತ್ತೆ ದಿನಾ ಸಿಪ್ಪೆಯ ತುಂಡು ಒತ್ತಿ ನೋಡುತ್ತಾರೆ.