ಕೊಟ್ಟಿಗೆಯ ರೇಡಿಯೋ, ಆರು ವರ್ಷ: ಬೆಳಗಿನ ಪ್ರಸಾರ ನಮ್ಮ ವಯಸ್ಸಿನವರಿಗೆ ಏನು ಕೊಡುತ್ತದೆ?

ನಮ್ಮೂರು ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನಲ್ಲಿದೆ. ಮನೆಯಲ್ಲಿ ಮೂರು ಹಸು. ಬೆಳಿಗ್ಗೆ ಹಾಲು ಕರೆಯುವುದು ನನ್ನ ಪಾಲಿನ ಕೆಲಸ. ಕೈಗೆಲ್ಲ ಸಗಣಿ, ಹಿಂಡಿ, ಕೆಚ್ಚಲಿಗೆ ಹಚ್ಚುವ ಎಣ್ಣೆ ಮೆತ್ತಿರುತ್ತದೆ. ಆ ಹೊತ್ತಿನಲ್ಲಿ ಫೋನ್ ಮುಟ್ಟುವ ಹಾಗಿಲ್ಲ. ಅದಕ್ಕೇ 2019ರಲ್ಲಿ, ಡಿಗ್ರಿ ಓದುತ್ತಿದ್ದಾಗ, ಕೋಲಾರದಲ್ಲಿ 650 ರೂಪಾಯಿ ಕೊಟ್ಟು ಒಂದು ಪುಟ್ಟ ರೇಡಿಯೋ ತಂದೆ. ಅವತ್ತಿನಿಂದ ಆಕಾಶವಾಣಿಯ ಬೆಳಗಿನ ಪ್ರಸಾರ ಕೇಳುತ್ತಲೇ ಇದ್ದೇನೆ. ಈಗ ನನಗೆ ಇಪ್ಪತ್ತಾರು. ನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ. ತಮ್ಮನಿಗೆ ಇಪ್ಪತ್ತೊಂದು, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದಾನೆ. "ಈಗಿನ ಹುಡುಗರು ರೇಡಿಯೋ ಎಲ್ಲಿ ಕೇಳ್ತಾರೆ" ಅನ್ನುವವರಿಗೆ ನಾವಿಬ್ಬರೂ ಕೇಳುತ್ತೇವೆ ಅಂತ ಹೇಳಬೇಕು. ಕೇಳಿ ಏನು ಸಿಕ್ಕಿತು, ಏನು ಸಿಗಲಿಲ್ಲ ಅನ್ನುವುದನ್ನೂ ಹೇಳಬೇಕು.

ಮೊದಲು ಸೆಟ್ಟಿನ ವಿಷಯ. ನಮ್ಮ ಕಡೆ ಕೇಳುವುದು ಬೆಂಗಳೂರಿನ ಪ್ರಸಾರವನ್ನೇ. ಮೀಡಿಯಂ ವೇವ್‌ನಲ್ಲಿ 612, ಎಫ್‌ಎಂನಲ್ಲಿ 101.3ರ ರೇನ್‌ಬೋ ಮತ್ತು 102.9ರ ವಿವಿಧ ಭಾರತಿ. ಎಫ್‌ಎಂ ನಮ್ಮೂರಲ್ಲಿ ಒಂದು ದಿನ ಚೆನ್ನಾಗಿ ಬರುತ್ತದೆ, ಒಂದು ದಿನ ಬರೀ ಗೊರಗೊರ. ಎಫ್‌ಎಂ ಅಲೆ ನೇರವಾಗಿ ಸಾಗುತ್ತದೆ, ನಡುವೆ ಗುಡ್ಡ ದಿಣ್ಣೆ ಬಂದರೆ ಸೊರಗುತ್ತದೆ. ಮೀಡಿಯಂ ವೇವ್ ನೆಲ ಹಿಡಿದುಕೊಂಡೇ ಬರುವುದರಿಂದ ದೂರದ ಹಳ್ಳಿಗೂ ಮುಟ್ಟುತ್ತದೆ. ಆದರೆ ಅದಕ್ಕೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಕಂಡರೆ ಆಗುವುದಿಲ್ಲ, ಹತ್ತಿರ ಇದ್ದರೆ ಗರ್ರ್ ಅನ್ನುತ್ತದೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಮೀಡಿಯಂ ವೇವ್ ಹಿಡಿಯುವುದು ಮೇಲೆ ಎಳೆಯುವ ಕಡ್ಡಿಯಲ್ಲ, ಸೆಟ್ಟಿನ ಒಳಗೆ ಮಲಗಿರುವ, ತಂತಿ ಸುತ್ತಿದ ಒಂದು ಕಪ್ಪು ಸರಳು. ಸದ್ದು ಕಮ್ಮಿಯಾದರೆ ಕಡ್ಡಿ ಎಳೆದು ಪ್ರಯೋಜನ ಇಲ್ಲ, ಇಡೀ ಸೆಟ್ಟನ್ನೇ ಮೆಲ್ಲಗೆ ತಿರುಗಿಸಬೇಕು. ನಮ್ಮ ಕೊಟ್ಟಿಗೆಯ ಗೂಡಿನಲ್ಲಿ ಅದರ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೇನೆ. ಧೂಳು ಹಿಡಿಯದ ಹಾಗೆ ಹಾಲಿನ ಕವರ್ ತೊಡಿಸಿದ್ದೇನೆ.

ಬೆಳಗಿನ ಪ್ರಸಾರದಲ್ಲಿ ನನಗೆ ಮೊದಲು ಉಪಯೋಗಕ್ಕೆ ಬಂದದ್ದು ಅದರ ಹೊತ್ತುಗಾರಿಕೆ. ಆರಕ್ಕೆ ಮುಂಚೆ ಆ ಹಳೆಯ ನಾದ ಬರುತ್ತದೆ. 1936ರಲ್ಲಿ ವಾಲ್ಟರ್ ಕೌಫ್‌ಮನ್ ಮಾಡಿದ್ದಂತೆ. ಭಕ್ತಿಗೀತೆ ಮುಗಿಯುವಷ್ಟರಲ್ಲಿ ಎರಡು ಹಸು ಕರೆದಾಗಿರಬೇಕು. 6.55ಕ್ಕೆ "ಇಯಂ ಆಕಾಶವಾಣೀ" ಅಂತ ಸಂಸ್ಕೃತ ವಾರ್ತೆ ಶುರುವಾದರೆ ನಾನು ಕ್ಯಾನು ಹಿಡಿದು ಡೈರಿ ದಾರಿಯಲ್ಲಿ ಇರಬೇಕು. ಅದರ ಅರ್ಥ ಪೂರ್ತಿ ಆಗುವುದಿಲ್ಲ, ಆದರೆ ಅದು ತಪ್ಪಿದ ದಿನ ಡೈರಿಯಲ್ಲಿ ಸಾಲು ಉದ್ದ, ಕಂಪನಿ ಬಸ್ಸೂ ತಪ್ಪುತ್ತದೆ. ಫೋನ್ ಹಿಡಿದರೆ ಹತ್ತು ನಿಮಿಷ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ, ಅಲ್ವಾ? ರೇಡಿಯೋ ಹಾಗಲ್ಲ. ಪ್ರತಿ ಕಾರ್ಯಕ್ರಮದ ನಡುವೆ ಗಂಟೆ ಎಷ್ಟಾಯಿತು ಅಂತ ಹೇಳುತ್ತದೆ, ನಮ್ಮ ಕೆಲಸವನ್ನು ನಮಗೇ ಬಿಡುತ್ತದೆ. ಕೆಲಸಕ್ಕೆ ಹೋಗುವ, ಪರೀಕ್ಷೆಗೆ ಓದುವ ವಯಸ್ಸಿನವರಿಗೆ ಇದು ದೊಡ್ಡ ಉಪಕಾರ.

ಎರಡನೆಯದು ಭಾಷೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಕೋಲಾರದ ಎಷ್ಟೋ ಮನೆಗಳ ಹಾಗೆ ನಮ್ಮ ಮನೆಮಾತು ತೆಲುಗು. ಅಪ್ಪನನ್ನು ನಾಯನ ಅಂತಲೇ ಕರೆಯುತ್ತೇವೆ. ಶಾಲೆ ಕನ್ನಡ, ಬೀದಿ ಎರಡೂ. ತೆಲುಗಿನಲ್ಲಿ ಅಕ್ಕ ಬಂದರೂ ಹಸು ಬಂದರೂ ಕ್ರಿಯಾಪದ ಒಂದೇ, 'ವಚ್ಚಿಂದಿ'. ಅದೇ ಅಭ್ಯಾಸದಲ್ಲಿ ನಾವು ಕನ್ನಡದಲ್ಲೂ "ಅಕ್ಕ ಬಂತು" ಅಂದುಬಿಡುತ್ತೇವೆ. ತಮ್ಮ ಎಂಟನೇ ಕ್ಲಾಸಿನ ಪ್ರಬಂಧದಲ್ಲಿ "ನಮ್ಮ ಅಮ್ಮ ಸಂತೆಗೆ ಹೋಯಿತು" ಅಂತ ಬರೆದಿದ್ದ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಅವನು ಆ ಹಾಳೆಯನ್ನು ಯಾರಿಗೂ ತೋರಿಸದೆ ಹಾಸಿಗೆ ಕೆಳಗೆ ಇಟ್ಟಿದ್ದ. ಗುಡಿಸುವಾಗ ನನಗೆ ಸಿಕ್ಕಿತು.

ಅದನ್ನು ತಿದ್ದಿದ್ದು ವ್ಯಾಕರಣದ ಪುಸ್ತಕ ಅಲ್ಲ. ನಾನು ಕೊಟ್ಟಿಗೆಯಲ್ಲಿ ಇಟ್ಟ ರೇಡಿಯೋವನ್ನು ಅವನು ಪಕ್ಕದ ಜಗಲಿಯಲ್ಲಿ ಹಲ್ಲುಜ್ಜುತ್ತಾ ಕೇಳುತ್ತಿದ್ದ. ದಿನಾ ಬೆಳಿಗ್ಗೆ ಯಾರೋ ಒಬ್ಬ ಆಟಗಾರ್ತಿ ಗೆದ್ದರು, ಯಾರೋ ಒಬ್ಬ ಬಾಲಕಿ ಬಹುಮಾನ ಪಡೆದಳು. ವಾರ್ತೆ ಓದುವವರು ಅವಸರ ಮಾಡುವುದಿಲ್ಲ, ಚೀರುವುದಿಲ್ಲ. ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ ಕೇಳುತ್ತದೆ. 'ಭಾಷೆ' ಅಂದರೆ ಭಾಷೆಯೇ, ನಮ್ಮ ಬಾಯಲ್ಲಿ ಬರುವ 'ಬಾಸೆ' ಅಲ್ಲ. ಎರಡು ವರ್ಷ ಕೇಳಿದ ಮೇಲೆ ಅವನು ನನ್ನನ್ನೇ ತಿದ್ದಲು ಶುರು ಮಾಡಿದ. "ಅಕ್ಕಾ, ಚಿಕ್ಕಮ್ಮ ಬಂತು ಅಲ್ಲ, ಚಿಕ್ಕಮ್ಮ ಬಂದರು." ಮನೆಯಲ್ಲಿ ತೆಲುಗು ಹಾಗೇ ಇದೆ, ಇರಲಿ. ಆದರೆ ಕನ್ನಡದಲ್ಲಿ ಬರೆಯುವಾಗ, ಮಾತಾಡುವಾಗ ಅವನಿಗೆ ಈಗ ಅಳುಕಿಲ್ಲ. ಗಡಿ ಜಿಲ್ಲೆಯ ಹುಡುಗರಿಗೆ ಒಳ್ಳೆಯ ಕನ್ನಡ ದಿನಾ ಕಿವಿಗೆ ಬೀಳುವುದು, ಅದೂ ಫೀಸಿಲ್ಲದೆ, ಸಣ್ಣ ವಿಷಯ ಅಲ್ಲ.

ಹಾಡಿನ ವಿಷಯದಲ್ಲಿ ಜಾಸ್ತಿ ಹೇಳಲಿಕ್ಕಿಲ್ಲ. ಹಳೆಯ ಚಿತ್ರಗೀತೆ, ಭಾವಗೀತೆ ಚೆನ್ನಾಗಿರುತ್ತವೆ. ಹೊಸ ಹಾಡು ಬೇಕು ಅಂದರೆ ಫೋನಿನಲ್ಲೇ ಇವೆ. ಅದಕ್ಕಾಗಿ ನಾವು ರೇಡಿಯೋ ಹಾಕುವುದಿಲ್ಲ.

ಹಾಕುವುದು ಸುದ್ದಿಗೆ. ಕೊರತೆ ಕಾಣುವುದೂ ಅಲ್ಲೇ. ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಓದುವ ಹಾಗಿಲ್ಲ. ಬೇಕಾದರೆ ಆಕಾಶವಾಣಿಯ ವಾರ್ತೆಯನ್ನೇ ಬದಲಿಸದೆ ಹಾಕಬಹುದು, ಅಷ್ಟೇ. ಅಂದರೆ ರೇಡಿಯೋದಲ್ಲಿ ಸುದ್ದಿ ಅಂದರೆ ಆಕಾಶವಾಣಿಯದೇ. ಹಾಗಿದ್ದಾಗ ನಮ್ಮ ನಿರೀಕ್ಷೆ ಜಾಸ್ತಿ ಇರುವುದು ತಪ್ಪಲ್ಲ ಅಂದುಕೊಂಡಿದ್ದೇನೆ. ಕೇಂದ್ರಗಳನ್ನು ಬದಲಿಸಿ ಬದಲಿಸಿ ಕೇಳಿದ್ದೇನೆ. ಇಂಥ ಕೇಂದ್ರ ಅಂತ ಬೆರಳು ಮಾಡಲು ಇದನ್ನು ಬರೆಯುತ್ತಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಮಳೆಗಾಲದಲ್ಲಿ ತಮ್ಮನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ ಅನ್ನುತ್ತಾನೆ. ಒಳಹರಿವು, ಹೊರಹರಿವು, ಕ್ಯೂಸೆಕ್ ಎಲ್ಲಾ ಬಾಯಿಪಾಠ. ಬೆಳಗಿನ ವಾರ್ತೆಯ ಕೃಪೆ. ಪರೀಕ್ಷೆಗೂ ಬೇಕು, ಒಳ್ಳೆಯದೇ. ಆದರೆ ನಮ್ಮದು ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ. ನಮಗೆ ಇರುವುದು ಕೆರೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಯಾವ ಕೆರೆ ತುಂಬಿದೆ, ಆ ನೀರು ಎಷ್ಟು ಶುದ್ಧ, ಅದರಲ್ಲಿ ಸೊಪ್ಪು ಬೆಳೆಯಬಹುದಾ? ನನ್ನ ಓರಗೆಯವರು ಕಂಪನಿ ಬಸ್ಸಿನಲ್ಲಿ ಮಾತಾಡುವುದು ಇದನ್ನೇ. ಟೊಮೊಟೊ ಬಾಕ್ಸಿನ ಬೆಲೆ ಬಿದ್ದರೆ ಕಾಲೇಜು ಫೀಸು ಕಟ್ಟುವುದು ಮುಂದಕ್ಕೆ ಹೋಗುತ್ತದೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ನಿಂತುಕೊಂಡೇ ಹೋಗಿಬರುವ ಹುಡುಗರ ಲೆಕ್ಕ ಯಾರ ಬಳಿ ಇದೆಯೋ. ಆರು ವರ್ಷದಲ್ಲಿ ಈ ಮಾತುಗಳನ್ನು ಬೆಳಗಿನ ಹೊತ್ತು ನಮ್ಮ ವಯಸ್ಸಿನವರ ಬಾಯಲ್ಲಿ ಕೇಳಿದ ನೆನಪು ನನಗಿಲ್ಲ. ನಮ್ಮ ಬಗ್ಗೆ ಹಿರಿಯರು, ತಜ್ಞರು ಮಾತಾಡುತ್ತಾರೆ. ಗೌರವದಿಂದಲೇ ಮಾತಾಡುತ್ತಾರೆ. ನಾವು ಮಾತಾಡುವುದಿಲ್ಲ.

ಇದು ಯಾರಿಗೂ ಹೊಳೆಯದ ಸಂಗತಿ ಏನಲ್ಲ. ಬ್ರಿಟನ್ನಿನ ಬಿಬಿಸಿ 1967ರಲ್ಲಿ ರೇಡಿಯೋ 1 ಶುರು ಮಾಡಿದಾಗ ಮೊದಲು ಪ್ರಸಾರ ಆಗಿದ್ದೇ ಬೆಳಗಿನ ಕಾರ್ಯಕ್ರಮ. ಅದೂ ಜನರ ದುಡ್ಡಿನಲ್ಲಿ ನಡೆಯುವ ರೇಡಿಯೋ. ಹದಿನೈದರಿಂದ ಇಪ್ಪತ್ತೊಂಬತ್ತು ವಯಸ್ಸಿನವರು ತನ್ನ ಕೇಳುಗರು ಅಂತ ಹೇಳಿಕೊಂಡೇ ನಡೆಯುತ್ತದೆ. ಅದಾದ ಎರಡೇ ವರ್ಷಕ್ಕೆ, 1969ರಲ್ಲಿ, ನಮ್ಮ ಆಕಾಶವಾಣಿ ದೆಹಲಿಯಲ್ಲಿ ಯುವವಾಣಿ ಶುರು ಮಾಡಿತು. ಹದಿನೈದರಿಂದ ಮೂವತ್ತರ ವಯಸ್ಸಿನವರೇ ಬರೆದು, ಅವರೇ ಮಾತಾಡುವ ಜಾಗ ಅದು. ನಾವು ಯಾರಿಗೂ ಹಿಂದೆ ಬಿದ್ದಿರಲಿಲ್ಲ. ಆದರೆ ನಾನು ಯುವವಾಣಿ ಕೇಳಿದ್ದು ಸಂಜೆ ಹೊತ್ತಿನಲ್ಲಿ. ಸಂಜೆ ನಾವು ಬಸ್ಸಿನಲ್ಲಿ ನಿದ್ದೆ ಮಾಡುತ್ತಿರುತ್ತೇವೆ. ಪ್ರೈಮರಿಯಲ್ಲಿ ಇದ್ದಾಗ ನಮಗೆ 'ಕೇಳಿ ಕಲಿ' ಇತ್ತು. ಟೀಚರ್ ಮೇಜಿನ ಮೇಲೆ ರೇಡಿಯೋ ಇಟ್ಟು ಕ್ಲಾಸಿಗೆಲ್ಲ ಕೇಳಿಸುತ್ತಿದ್ದರು. ರೈತರಿಗೆ, ಹೆಂಗಸರಿಗೆ ಅವರವರ ಕಾರ್ಯಕ್ರಮ ಇದೆ. ಹದಿನೆಂಟು ದಾಟಿದವರಿಗೂ ಬೆಳಿಗ್ಗೆ ಹತ್ತು ನಿಮಿಷ ಕೊಟ್ಟರೆ ಸಾಕು.

ಕೊಟ್ಟರೆ ನಮ್ಮ ಕೈಲಿ ಆಗುತ್ತದಾ? ಆಗುತ್ತದೆ. ನಮ್ಮ ತಾಲ್ಲೂಕಿನಲ್ಲೇ ಆಗಿದೆ. ಹೈದರಾಲಿ ಹುಟ್ಟಿದ ಊರು ಅಂತ ಹೆಸರಾದ ಬೂದಿಕೋಟೆಯಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದೆ 'ನಮ್ಮ ಧ್ವನಿ' ಅಂತ ಒಂದು ಕೇಂದ್ರ ನಡೆಯಿತು. ಯುನೆಸ್ಕೊ, ಮೈರಾಡ, ವಾಯ್ಸಸ್ ಸಂಸ್ಥೆಗಳು ಜೊತೆಗಿದ್ದವು. ಗಾಳಿಯಲ್ಲಿ ಪ್ರಸಾರ ಮಾಡಲು ಆಗ ಹಳ್ಳಿಯವರಿಗೆ ಪರವಾನಗಿ ಸಿಗುತ್ತಿರಲಿಲ್ಲ. ಆಕಾಶದ ಅಲೆಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ 2002ರಲ್ಲಿ ಬಾಗಿಲು ತೆರೆದದ್ದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ, ಸಂಘ ಸಂಸ್ಥೆಗಳಿಗೆ 2006ರಲ್ಲಿ. ಬೂದಿಕೋಟೆಯವರು ಕಾಯುತ್ತಾ ಕೂರಲಿಲ್ಲ. ಊರಿನವರೇ ಕಾರ್ಯಕ್ರಮ ರೆಕಾರ್ಡ್ ಮಾಡಿದರು, ಕೇಬಲ್ ಟಿವಿ ತಂತಿಯಲ್ಲಿ ಮನೆಮನೆಗೆ ಕಳಿಸಿದರು. ನಮ್ಮ ದೊಡ್ಡಮ್ಮನ ತವರು ಆ ಕಡೆಯೇ. ಗೊತ್ತಿರುವ ಹುಡುಗಿಯ ದನಿ ಟಿವಿಯಿಂದ ಬಂದದ್ದನ್ನು ಅವರು ಈಗಲೂ ಹೇಳುತ್ತಾರೆ. "ಒಲೆ ಮೇಲೆ ಇಟ್ಟಿದ್ದ ಮುದ್ದೆ ಸೀದೋಯ್ತು, ಆದ್ರೂ ಎದ್ದು ಬರ್ಲಿಲ್ಲ ನಾನು" ಅಂತ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮಂಥವರ ದನಿ ಕೇಳಿದರೆ ಜನ ಹಾಗೆ ನಿಂತು ಕೇಳುತ್ತಾರೆ.

ಅಂಕ ಕೊಡಬೇಕು ಅಂದರೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಭಾಷೆಗೆ, ಹೊತ್ತಿಗೆ, ನಂಬಿಕೆಗೆ ಪೂರ್ತಿ ಅಂಕ. ಕಳೆದಿರುವ ಒಂದೂವರೆ ನಮ್ಮ ಜಿಲ್ಲೆಯ ದನಿ ಇಲ್ಲದ್ದಕ್ಕೆ. ಹೊಸದಾಗಿ ಕೇಳುವವರು ಮೀಡಿಯಂ ವೇವ್ ಇರುವ ಸೆಟ್ಟನ್ನೇ ಕೇಳಿ ತೆಗೆದುಕೊಳ್ಳಿ. ಫೋನಿನಲ್ಲಿ ಬರುವ ಎಫ್‌ಎಂಗೆ ಇಯರ್‌ಫೋನ್ ಚುಚ್ಚಲೇಬೇಕು, ಅದರ ವೈರೇ ಅದಕ್ಕೆ ಏರಿಯಲ್. ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ದೇಶದ ಎಷ್ಟೋ ಕೇಂದ್ರಗಳು ಸಿಗುತ್ತವೆ. ನೆಟ್‌ವರ್ಕ್ ಇರುವ ಕಡೆ ನಾನು ಬಸ್ಸಿನಲ್ಲಿ ಅದನ್ನೇ ಹಾಕುತ್ತೇನೆ.

ಹೋದ ಭಾನುವಾರ ತಮ್ಮನೂ ನಾನೂ ಕೂತು ಕೇಂದ್ರಕ್ಕೆ ಒಂದು ಪತ್ರ ಬರೆದೆವು. ಶನಿವಾರ ಬೆಳಿಗ್ಗೆ ಹತ್ತು ನಿಮಿಷ, ವಾರಕ್ಕೊಂದು ತಾಲ್ಲೂಕು, ಅಲ್ಲಿನ ಹುಡುಗ ಹುಡುಗಿಯರೇ ತಮ್ಮೂರಿನ ಕೆರೆ, ಬಸ್ಸು, ಕೆಲಸದ ವಿಷಯ ಹೇಳಲಿ ಅಂತ ಕೇಳಿದ್ದೇವೆ. ಮೊದಲ ವಾರಕ್ಕೆ ಬೂದಿಕೋಟೆಯ ಹೆಸರು ಬರೆದಿದ್ದೇವೆ. ಕರಡು ನನ್ನದು. ಅವನು ಒಂದು ಕಡೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ದೊಡ್ಡಮ್ಮ ಹೇಳಿದರು" ಅಂತ ತಿದ್ದಿದ. ಉತ್ತರ ಬಂದರೆ ಇಲ್ಲೇ ಕೆಳಗೆ ಸೇರಿಸುತ್ತೇನೆ.