ಮರದ ಹಿಡಿಯ ಸ್ಟ್ಯಾಂಪುಗಳನ್ನು ಬಿಚ್ಚಿಸಲು ಕೊಡುವ ಮುನ್ನ ದಯವಿಟ್ಟು ಓದಿ

ಮರದ ಹಿಡಿಯ ರಬ್ಬರ್ ಸ್ಟ್ಯಾಂಪುಗಳಿಂದ ರಬ್ಬರನ್ನು ಬಿಚ್ಚಿ, ಪಾರದರ್ಶಕ ಅಕ್ರಿಲಿಕ್ ಬ್ಲಾಕಿಗೆ ಹೊಂದಿಸಿಕೊಡುತ್ತೇವೆ ಎಂದು ಯಾರೇ ಹೇಳಲಿ, ರಬ್ಬರಿನ ಹಿಂಬದಿಗೆ ಏನನ್ನು ಹಾಕುತ್ತಾರೆ ಎಂಬುದನ್ನು ಕಣ್ಣಾರೆ ನೋಡದೆ ಒಂದನ್ನೂ ಕೊಡಬೇಡಿ. ನಮ್ಮ ಕೊಡಗಿನದೇ ಒಂದು ಅಂಗಡಿಯವರು ನನಗೆ ಮಾಡಿದ್ದು ಮೋಸ. ಅದಕ್ಕಿಂತ ಮೆದುವಾದ ಮಾತು ನನ್ನಲ್ಲಿಲ್ಲ.

ನಮ್ಮ ಹೋಂಸ್ಟೇಗೆ ಬಂದವರು ಕೊಂಡೊಯ್ಯುವ ಕಾಫಿಪುಡಿ, ಕಾಳುಮೆಣಸಿನ ಕವರುಗಳಿಗೆ ನಾನೇ ಸ್ಟ್ಯಾಂಪು ಒತ್ತುತ್ತೇನೆ. ಸೋಮವಾರಪೇಟೆ ಕಡೆಯ ಮಳೆಗಾಲದಲ್ಲಿ ಮರದ ಹಿಡಿಗಳಿಗೆ ಬೂಷ್ಟು ಹಿಡಿಯುತ್ತದೆ, ಒತ್ತುವಾಗ ಅಚ್ಚು ಎಲ್ಲಿ ಬೀಳುತ್ತದೆಂಬುದೂ ಕಾಣುವುದಿಲ್ಲ. ಹಾಗಾಗಿ ಕಾಫಿ ಗೊಂಚಲು, ಮೆಣಸಿನ ಬಳ್ಳಿ, ಜೇನುಹುಳದ ಸ್ಟ್ಯಾಂಪುಗಳನ್ನು ಅವರಿಗೆ ಒಪ್ಪಿಸಿದೆ. ಪೂರ್ತಿ ಹಣವನ್ನು ಮುಂಗಡವಾಗಿಯೇ ಪಡೆದು, "ಕ್ಲಿಂಗ್ ಫೋಮನ್ನೇ ಹಾಕುತ್ತೇವೆ ಮೇಡಂ, ಯೋಚನೆ ಮಾಡಬೇಡಿ" ಎಂದರು. ಒಂದು ಬದಿ ರಬ್ಬರಿಗೆ ಗಟ್ಟಿಯಾಗಿ ಅಂಟಿಕೊಂಡು, ಇನ್ನೊಂದು ಬದಿ ಅಂಟಿನ ಹಂಗಿಲ್ಲದೆ ಬ್ಲಾಕನ್ನು ಹಿಡಿದುಕೊಳ್ಳುವ ಮೆತ್ತನೆಯ ಹಾಳೆ ಅದು. ಆ ಮೆತ್ತೆಯಿಂದಲೇ ಅಚ್ಚು ಎಲ್ಲ ಕಡೆ ಸಮನಾಗಿ ಬೀಳುವುದು.

ವಾಪಸ್ ಬಂದ ಜೇನುಹುಳವನ್ನು ಬ್ಲಾಕಿಗೆ ಹಚ್ಚಿ ಕವರಿನ ಮೇಲೆ ಒತ್ತಿದೆ. ಮೂಡಿದ್ದು ಒಂದು ರೆಕ್ಕೆ, ಸುತ್ತಲೂ ಕತ್ತರಿಸದೆ ಬಿಟ್ಟ ರಬ್ಬರಿನ ಅಂಚಿನ ಕಪ್ಪು ಗೆರೆ. ಕವರಿಗಾಗಿ ಕಾಯುತ್ತ ಅತಿಥಿಗಳು ಎದುರಿಗೇ ನಿಂತಿದ್ದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸ್ಟ್ಯಾಂಪನ್ನು ಬ್ಲಾಕಿನಿಂದ ತೆಗೆಯಲು ಹೋದರೆ ಬರಲೇ ಇಲ್ಲ. ಉಗುರಿನಿಂದ ಎಬ್ಬಿಸಿ ನೋಡಿದರೆ, ಅದರ ಹಿಂದೆ ಇದ್ದದ್ದು ಸ್ಟೇಷನರಿ ಅಂಗಡಿಯ ಮಾಮೂಲಿ ಡಬಲ್ ಸೈಡ್ ಟೇಪು. ಕ್ಲಿಂಗ್ ಫೋಮಿನ ದುಡ್ಡು ತೆಗೆದುಕೊಂಡು ಡಬಲ್ ಸೈಡ್ ಟೇಪು! ಮರಕ್ಕೂ ರಬ್ಬರಿಗೂ ನಡುವೆ ಇದ್ದ ಹಳೆಯ ಫೋಮನ್ನೂ ಕಿತ್ತೆಸೆದಿದ್ದರು. ಕಾಫಿ ಗೊಂಚಲಿನ ತೊಟ್ಟು ಚಾಕುವಿಗೆ ಸಿಕ್ಕಿ ಹರಿದಿತ್ತು, ಮೆಣಸಿನ ಬಳ್ಳಿ ಉಬ್ಬಿ ಅಂಕುಡೊಂಕಾಗಿತ್ತು, ಮೂಗಿಗೆ ಹಿಡಿದರೆ ತಿನ್ನರಿನ ವಾಸನೆ. ತಿನ್ನರ್ ತಗುಲಿದರೆ ರಬ್ಬರು ಉಬ್ಬುತ್ತದೆ ಎಂಬುದು ಸ್ಟ್ಯಾಂಪಿನ ವ್ಯಾಪಾರ ಮಾಡುವವರಿಗೆ ತಿಳಿಯದ ಸಂಗತಿಯೇ?

ಕೇಳಿದ್ದಕ್ಕೆ ಬಂದ ಉತ್ತರ: "ನಿಮ್ಮ ರಬ್ಬರು ಹಳೆಯದು ಮೇಡಂ, ಮೊದಲೇ ಹರಿದಿತ್ತು." ಕೊಡುವ ಮುನ್ನ ಒತ್ತಿಟ್ಟಿದ್ದ ಪೂರ್ಣ ಅಚ್ಚುಗಳ ಫೋಟೋ ಕಳಿಸಿದೆ. ಆಗ ಮಾತು ತಿರುಗಿತು: "ಕೊಡಗಿನ ಹವೆಗೆ ಯಾವ ಫೋಮೂ ನಿಲ್ಲುವುದಿಲ್ಲ, ನಿಮ್ಮ ಒಳ್ಳೆಯದಕ್ಕೇ ಟೇಪು ಹಾಕಿದ್ದು." ಚಿತ್ರದ ಗುರುತಿದ್ದ ಮರದ ಹಿಡಿಗಳನ್ನಾದರೂ ಕೊಡಿ ಎಂದರೆ, "ನೀವು ಕೇಳಿರಲಿಲ್ಲವಲ್ಲ, ಒಲೆಗೆ ಹಾಕಿದೆವು" ಎಂದರು. ಒಲೆಗೆ! ನನ್ನ ವಸ್ತುವನ್ನು ಒಲೆಗೆ ಹಾಕಲು ನನ್ನನ್ನು ಕೇಳಬೇಕಿರಲಿಲ್ಲವೇ? ಕೊನೆಗೆ, ಫೋಮೇ ಬೇಕಿದ್ದರೆ ಮತ್ತೆ ದುಡ್ಡು ಕೊಡಿ ಎಂದರು.

ಮನೆಯಲ್ಲೇ ಉಳಿದಿದ್ದ ಇನ್ನೊಂದು ಸ್ಟ್ಯಾಂಪನ್ನು ಆಮೇಲೆ ನಾನೇ ಮೈಕ್ರೋವೇವಿನಲ್ಲಿ 10-15 ಸೆಕೆಂಡು ಬಿಸಿ ಮಾಡಿ, ಅಂಟು ಮೆತ್ತಗಾದ ಮೇಲೆ ಮೂಲೆಯಿಂದ ನಿಧಾನವಾಗಿ ಎಬ್ಬಿಸಿದೆ. ಒಂದು ಎಳೆಯೂ ಹರಿಯಲಿಲ್ಲ. ಇಷ್ಟು ಕೆಲಸಕ್ಕೆ ಅವರು ಚಾಕು, ತಿನ್ನರ್ ಹಿಡಿದಿದ್ದರು. ಲೋಹವಿರುವ ಹಿಡಿಯನ್ನೂ ಪಾರದರ್ಶಕ ಪಾಲಿಮರ್ ಸ್ಟ್ಯಾಂಪನ್ನೂ ಮಾತ್ರ ಮೈಕ್ರೋವೇವಿಗೆ ಇಡಬೇಡಿ. ಹೊರಗೆ ಕೊಡಲೇಬೇಕೆಂದರೆ ಮೊದಲು ಅಚ್ಚು ಒತ್ತಿಟ್ಟುಕೊಳ್ಳಿ, ಮುಂಗಡ ಪೂರ್ತಿ ಕೊಡಬೇಡಿ. ನನ್ನ ಹಣ ಇನ್ನೂ ಬಂದಿಲ್ಲ. ನಿಮ್ಮ ಸ್ಟ್ಯಾಂಪುಗಳು ಈಗಾಗಲೇ ಇಂಥವರ ಕೈಯಲ್ಲಿದ್ದರೆ, ಬಿಚ್ಚುವ ಮುನ್ನವೇ ಹೋಗಿ ವಾಪಸ್ ತನ್ನಿ.