ರಿಗಾಲ್ ಡಿಎಸ್ಎ815: ಫ್ರೀಕ್ವೆನ್ಸಿ ಅಳತೆಗೆ ಎಷ್ಟು ನಂಬಬಹುದು?

1.5 ಗಿಗಾಹರ್ಟ್ಸ್‌ವರೆಗಿನ ಈ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ (ಸಿಗ್ನಲ್‌ನಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟು ಬಲವಾಗಿದೆ ಎಂದು ತೋರಿಸುವ ಉಪಕರಣ) ಮಾರ್ಕರ್, ಅಂದರೆ ಪರದೆಯ ಮೇಲಿನ ಗುರುತು, ತೋರಿಸಿದ ಅಂಕಿಯನ್ನೇ ಬರೆದುಕೊಳ್ಳಬೇಡಿ. ಪರದೆಯ ಗೆರೆಯಾದ ಟ್ರೇಸ್‌ನಲ್ಲಿರುವುದು 601 ಬಿಂದುಗಳು. ಮಾರ್ಕರ್ ನಿಲ್ಲುವುದು ಈ ಬಿಂದುಗಳ ಮೇಲಷ್ಟೇ. ಸ್ಪ್ಯಾನ್ (ಪರದೆ ತೋರಿಸುವ ಫ್ರೀಕ್ವೆನ್ಸಿ ವ್ಯಾಪ್ತಿ) 100 ಮೆಗಾಹರ್ಟ್ಸ್ ಇದ್ದರೆ ಬಿಂದುವಿನಿಂದ ಬಿಂದುವಿಗೆ ಸುಮಾರು 167 ಕಿಲೋಹರ್ಟ್ಸ್ ಅಂತರ. ಪೀಕ್ (ಗೆರೆಯ ಎತ್ತರದ ತುದಿ) ಹುಡುಕಿ ನಡುವಿಗೆ ತನ್ನಿ, ಸ್ಪ್ಯಾನ್ ಕಿರಿದು ಮಾಡಿ, ಆಮೇಲೆ ಫ್ರೀಕ್ವೆನ್ಸಿಯನ್ನು ಎಣಿಸಿ ಹೇಳುವ ಫ್ರೀಕ್ವೆನ್ಸಿ ಕೌಂಟರ್ ಆನ್ ಮಾಡಿ 1 ಹರ್ಟ್ಸ್ ರೆಸಲ್ಯೂಷನ್ ಆರಿಸಿ. ಕೌಂಟರ್ ನಿಜಕ್ಕೂ ಚೆನ್ನಾಗಿದೆ. ಆದರೆ ಸಿಗ್ನಲ್ ನಾಯ್ಸ್‌ಗಿಂತ ಸಾಕಷ್ಟು ಮೇಲಿರಬೇಕು, ಮಾಡ್ಯುಲೇಷನ್ (ಮಾಹಿತಿ ಹೊರಲು ಸಿಗ್ನಲ್ ಬದಲಾಗುವುದು) ಇರಬಾರದು. ಇಲ್ಲವಾದರೆ ಅಂಕಿ ನಿಲ್ಲುವುದೇ ಇಲ್ಲ.

ನಿಂತ ಅಂಕಿಯೂ ಸರಿಯಾಗಿಯೇ ಇರಬೇಕೆಂದಿಲ್ಲ. ಒಳಗಿನ 10 ಮೆಗಾಹರ್ಟ್ಸ್ ರೆಫರೆನ್ಸ್ (ಅಳತೆಗೆ ಆಧಾರವಾದ ಸಿಗ್ನಲ್) 2 ಪಿಪಿಎಂ (ಹತ್ತು ಲಕ್ಷಕ್ಕೆ ಎರಡು ಭಾಗ) ಸರಿದರೆ 1 ಗಿಗಾಹರ್ಟ್ಸ್‌ನಲ್ಲಿ 2 ಕಿಲೋಹರ್ಟ್ಸ್ ತಪ್ಪು. ಹಿಂಬದಿಯ ರೆಫರೆನ್ಸ್ ಇನ್‌ಪುಟ್‌ಗೆ ಜಿಪಿಎಸ್ ನಿಯಂತ್ರಿತ ಆಸಿಲೇಟರ್ (ಉಪಗ್ರಹದ ಸಮಯಕ್ಕೆ ಹೊಂದಿಕೊಂಡು ನಿಖರ 10 ಮೆಗಾಹರ್ಟ್ಸ್ ಕೊಡುವ ಸಾಧನ) ಜೋಡಿಸಿ. ಇದನ್ನು ಕೊಳ್ಳಲು ಆ ಸೌಲಭ್ಯವೇ ದೊಡ್ಡ ಕಾರಣ. ಉಪಕರಣ ಅರ್ಧ ಗಂಟೆ ಬಿಸಿಯಾದ ಮೇಲೆಯೇ ಅಳೆಯಿರಿ.